ಇಡ್ಲಿ ಸ್ಟೀಮರ್ ಬಾಯ್ಲರ್: ದೋಷ ಮತ್ತು ದುರಸ್ತಿ

ಹೋಟೆಲ್ ಅಡುಗೆಮನೆಯ ಇಡ್ಲಿ ಸ್ಟೀಮರಿಗೆ ಹಬೆ ಒದಗಿಸುವ ಪಾತ್ರೆ. ಗ್ಯಾಸಿನಿಂದಲೋ ವಿದ್ಯುತ್ ಕಾಯಿಲಿನಿಂದಲೋ ಕಾಯುತ್ತದೆ.

ಇದರ ಹೆಚ್ಚಿನ ಕಾಯಿಲೆಗಳ ಮೂಲ ನೀರು. ಬೋರ್‌ವೆಲ್ಲಿನ ಗಡಸು ನೀರು ಕುದಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಕಾಯಿಲಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಶಾಖ ನೀರಿಗೆ ಸರಿಯಾಗಿ ದಾಟದೆ ಹಬೆ ತಡವಾಗುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಪದರ ತೆಗೆಯದೆ ಹೊಸ ಕಾಯಿಲ್ ಹಾಕಿಸುವುದು ದುಡ್ಡು ದಂಡ.

ನೀರಿನ ಮಟ್ಟ ಅಳೆಯುವ ಪ್ರೋಬ್ ನೀರಿನ ವಿದ್ಯುತ್ ವಾಹಕತೆಯನ್ನು ನಂಬಿದೆ. ಅದರ ಮೇಲೆ ಪದರ ಕಟ್ಟಿದರೆ ನೀರಿದ್ದರೂ ಇಲ್ಲವೆಂದು ತಿಳಿದು ಬಾಯ್ಲರ್ ತುಂಬುತ್ತಲೇ ಇರುತ್ತದೆ. ಹಬೆಯ ಜೊತೆ ನೀರೂ ನುಗ್ಗಿ ಇಡ್ಲಿ ಒದ್ದೆಯಾಗುತ್ತದೆ. ವಿಚಿತ್ರವೆಂದರೆ, ಲವಣ ತೀರಾ ಕಡಿಮೆಯಿರುವ ಆರ್‌ಒ ನೀರಿನಲ್ಲೂ ಇದೇ ತೊಂದರೆ ಬರಬಹುದು.

ಪದರ ಕರಗಿಸಲು ವಿದ್ಯುತ್ ಅಥವಾ ಗ್ಯಾಸ್ ನಿಲ್ಲಿಸಿ, ಒತ್ತಡ ಇಳಿಸಿ, ಬಾಯ್ಲರ್ ಆರಿದ ಮೇಲೆ ಸಿಟ್ರಿಕ್ ಆಮ್ಲದ ದ್ರಾವಣ ತುಂಬುತ್ತಾರೆ. ನೊರೆ ನಿಂತ ಬಳಿಕ ಹಲವು ಸಲ ತೊಳೆಯಬೇಕು. ಬಚ್ಚಲು ತೊಳೆಯುವ ಆಸಿಡ್ ಬಳಸಬಾರದು. ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಣ್ಣ ತೂತು ಕೊರೆಯುತ್ತದೆ. ದಿನದ ಕೆಲಸ ಮುಗಿದು ಒತ್ತಡ ಇಳಿದ ಮೇಲೆ ತಳದ ನಲ್ಲಿಯಿಂದ ಕೆಸರು ಬಿಡುವುದು ರೂಢಿ. ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಇದ್ದರೆ ಅದಕ್ಕೆ ಉಪ್ಪು ಹಾಕಲು ಮರೆಯಬಾರದು.

ಸೇಫ್ಟಿ ವಾಲ್ವ್ ಸೋರುತ್ತಿದೆಯೆಂದು ಅದನ್ನು ಬಿಗಿದು ಮುಚ್ಚುವುದು ಸ್ಫೋಟಕ್ಕೆ ದಾರಿ. ಅದನ್ನು ಬದಲಿಸಲೇಬೇಕು.