ಒಳಮೈ ಹೊರಗಾದ ತೊಗಲು

ರಾಯಚೂರಿನ ಚಪ್ಪಲಿ ಅಂಗಡಿಗಳಲ್ಲಿ ಈಗ ‘ಸ್ವೀಡ್ ಶೂ’ ಅಂದರೆ ಯಾರೂ ಮಿಕಿಮಿಕಿ ನೋಡುವುದಿಲ್ಲ. ಪೀಚ್ ಹಣ್ಣಿನ ಸಿಪ್ಪೆಯಂತೆ ನವಿರು ನಾರೆದ್ದ, ಬೆರಳಾಡಿಸಿದರೆ ಒಂದು ಕಡೆಗೆ ತಿಳಿಯಾಗಿ ಇನ್ನೊಂದು ಕಡೆಗೆ ಕಪ್ಪಾಗುವ ಮೈಯ ಜೋಡು ಎದುರಿಗೆ ಬರುತ್ತದೆ. ಈ ಹೆಸರಿನ ಗುಟ್ಟು ಇಂಗ್ಲಿಷ್ ಕಾಗುಣಿತದಲ್ಲಿ ಅಡಗಿಕೊಂಡಿದೆ. ಕನ್ನಡದಲ್ಲಿ ಬರೆದರೆ ತಾನಾಗಿಯೇ ಬಯಲಾಗುತ್ತದೆ: ಸ್ವೀಡ್ ಮುಂದೆ ಒಂದು ‘ಅನ್’ ಇಟ್ಟರಾಯಿತು, ಸ್ವೀಡನ್.

ಫ್ರಾನ್ಸಿನವರು ಸ್ವೀಡನ್ ದೇಶವನ್ನು ‘ಸುಯೆದ್’ ಅನ್ನುತ್ತಾರೆ. ಎಳೆಯ ಆಡಿನ ಚರ್ಮದ ಒಳಮೈಯನ್ನು ಹೊರಗೆ ಮಾಡಿ ಹೊಲಿದ ಹೆಂಗಸರ ಕೈಗವಸುಗಳಿಗೆ ಅವರು ಇಟ್ಟ ಹೆಸರು ‘ಗಾಂ ದ ಸುಯೆದ್’, ಅಂದರೆ ಸ್ವೀಡನ್ನಿನ ಕೈಗವಸು. 19ನೇ ಶತಮಾನದಲ್ಲಿ ಇಂಗ್ಲಿಷಿನವರು ಕೈಗವಸನ್ನು ಬಿಟ್ಟು ದೇಶದ ಹೆಸರನ್ನಷ್ಟೇ ಇಟ್ಟುಕೊಂಡರು, ಅದೇ ತೊಗಲಿನ ಹೆಸರಾಯಿತು. ಮೋಜೆಂದರೆ, ಸ್ವೀಡನ್ನಿನವರು ಇದನ್ನು ಸ್ವೀಡ್ ಅನ್ನುವುದಿಲ್ಲ. ಅವರಿಗೆ ಇದು ‘ಮೊಕ್ಕಾ’, ಯೆಮನ್ನಿನ ಮೋಖಾ ಬಂದರಿನ ಹೆಸರು. ಬಾಬಾ ಬುಡನ್ ಏಳು ಕಾಫಿ ಬೀಜ ತಂದರೆಂದು ನಾವು ಹೇಳಿಕೊಳ್ಳುವ ಅದೇ ಮೋಖಾ. ಹೆಸರು ಕೊಟ್ಟ ಫ್ರಾನ್ಸಿನವರು ಈಗ ‘ದ್ಯಾಂ’ ಅಂತ ಒಂದು ಜಾತಿಯ ಜಿಂಕೆಯ ಹೆಸರು ಹೇಳುತ್ತಾರೆ. ಒಟ್ಟಿನಲ್ಲಿ ಅಲ್ಲಿ ತೊಗಲಿಗೆ ದೇಶದ್ದೋ ಬಂದರಿನದ್ದೋ ಪ್ರಾಣಿಯದ್ದೋ ಹೆಸರು ಸಿಕ್ಕಿತು. ಹದ ಮಾಡಿದವನ ಹೆಸರು ಯಾರಿಗೂ ಬೇಕಾಗಲಿಲ್ಲ.

ನಮ್ಮ ಕಡೆ ಲೆಕ್ಕ ತಿರುಗುಮುರುಗು. ಇಲ್ಲಿ ತೊಗಲಿಗೆ ಊರಿನ ಹೆಸರು ಬರಲಿಲ್ಲ, ಮನುಷ್ಯನಿಗೇ ತೊಗಲಿನ ಹೆಸರು ಅಂಟಿತು. ಚರ್ಮಕಾರ ಚಮ್ಮಾರನಾದ, ಆಮೇಲೆ ಆ ಮಾತು ಬೈಗುಳದ ಸಾಲಿಗೆ ಸೇರಿತು. ಸತ್ತ ದನ ಹೊರುವುದು, ಸುಲಿಯುವುದು, ಹದ ಮಾಡುವುದು, ಮೆಟ್ಟು ಹೊಲಿಯುವುದು ಎಲ್ಲ ಅವನ ಪಾಲು. ಹೊಲಿದ ಮೆಟ್ಟನ್ನು ತಾನೇ ಮೆಟ್ಟಿಕೊಂಡು ಮೇಲ್ಜಾತಿಯವರ ಓಣಿಯಲ್ಲಿ ನಡೆದರೆ ಅದು ತಪ್ಪು.

ಆ ಹೆಸರುಗಳನ್ನೇ ಎದೆಯ ಮೇಲೆ ಇಟ್ಟುಕೊಂಡವರು 12ನೇ ಶತಮಾನದ ಶರಣರು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ. ಚೆನ್ನಯ್ಯನ ವಚನಗಳ ಅಂಕಿತದೊಳಗೇ ಉಳಿ, ಕತ್ತಿ, ಅಡಿಗುಂಟ ಬರುತ್ತವೆ. ದೇವರ ಹೆಸರಿನ ಪಕ್ಕ ಕೆಲಸದ ಚೀಲವನ್ನೇ ಬಿಚ್ಚಿಟ್ಟಂತೆ. ಹರಳಯ್ಯನ ಕಥೆ ಕಲ್ಯಾಣ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ತಾನು ಒಂದು ಸಲ ಶರಣೆಂದದ್ದಕ್ಕೆ ಬಸವಣ್ಣ ಎರಡು ಸಲ ಶರಣೆಂದನಂತೆ. ಆ ಭಾರ ಇಳಿಸಲು ಗಂಡ ಹೆಂಡಿರು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದರಂತೆ. ಬಸವಣ್ಣ ಅದನ್ನು ಕಾಲಿಗಲ್ಲ, ತಲೆಗೆ ಇಟ್ಟುಕೊಂಡನಂತೆ. ‘ಚಮ್ಮ’ ಅಂದರೆ ಚರ್ಮ, ‘ಆವುಗೆ’ ಅಂದರೆ ಪಾದುಕೆ. ಪದ ಅಷ್ಟು ಸಾದಾ, ಕಥೆ ಅಷ್ಟು ಭಾರ.

‘ಹದ’ ಅನ್ನುವ ಮಾತೂ ಹಾಗೆಯೇ. ಮುಂಗಾರು ಬಿದ್ದ ಎರೆಹೊಲ ಬಿತ್ತನೆಗೆ ಹದವಾಗುತ್ತದೆ, ಅನ್ನ ಹದವಾಗಿ ಬೇಯುತ್ತದೆ, ಕೊಡಲಿಗೆ ಕಮ್ಮಾರ ಹದ ಕೊಡುತ್ತಾನೆ. ತೊಗಲಿಗೂ ಅದೇ ಮಾತು. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಕೂದಲು ಹೆರೆದು, ಒಳಮೈಯ ಮಾಂಸ ಕೆರೆದು, ಮರದ ತೊಗಟೆಯ ರಸ ಉಣಿಸಬೇಕು. ಜಾಲಿ ತೊಗಟೆ, ಅಳಲೆಕಾಯಿ, ತಂಗಡಿ. ಕೆಲವು ಕಡೆ ಚರ್ಮವನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ರಸ ಹೊಯ್ಯುತ್ತಿದ್ದರು. ರಸ ತೊಟ್ಟಿಕ್ಕುತ್ತ ತೊಗಲು ತನ್ನಷ್ಟಕ್ಕೆ ಮಾಗುತ್ತಿತ್ತು. ನಾತದ ಕೆಲಸ, ಅದಕ್ಕೇ ಊರಾಚೆಯ ಕೆಲಸ. ಹಳದಿ ಹೂವಿನ ತಂಗಡಿ, ಹಳೇ ಮೈಸೂರಿನವರ ಆವರಿಕೆ, ಈಗ ಪಕ್ಕದ ತೆಲಂಗಾಣದ ರಾಜ್ಯಪುಷ್ಪ. ಅದರ ತೊಗಟೆಯಲ್ಲಿ ಅರೆಹದ ಮಾಡಿದ ಚರ್ಮ 19ನೇ ಶತಮಾನದಲ್ಲಿ ಮದ್ರಾಸಿನಿಂದ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ಸಿಕ್ಕ ಹೆಸರು ‘ಈಸ್ಟ್ ಇಂಡಿಯಾ’ ತೊಗಲು. ಇಲ್ಲೂ ಮಾಡಿದವನು ನಾಪತ್ತೆ.

ನಮ್ಮ ರಾಯಚೂರು ಸೀಮೆಯ ಮಾನ್ವಿ, ದೇವದುರ್ಗದ ಹೊಲಗಳಿಗೆ ಕೈಗವಸು ಬೇಕಿರಲಿಲ್ಲ. ಬೇಕಿದ್ದದ್ದು ಕಪಿಲೆಯ ತೊಗಲ ಬಾನಿ, ಮಿಣಿ, ಬಾರುಕೋಲು, ಮೆಟ್ಟು, ಹಲಗೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಬಾವಿಯಿಂದ ಬಾನಿ ತುಂಬಿ ಮೇಲೆ ಬರುತ್ತಿತ್ತು. ಅದನ್ನು ಹೊಲಿದವರಿಗೆ ಸುಗ್ಗಿಯಲ್ಲಿ ಕಣದ ಕಾಳು, ಅಂದರೆ ಆಯ. ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದವು. ಬಾವಿಗೆ ಪಂಪ್‌ಸೆಟ್ ಬಂತು, ಮಿಣಿಯ ಜಾಗಕ್ಕೆ ನೈಲಾನ್ ಹಗ್ಗ ಬಂತು. ಬಾನಿ ಮೂಲೆ ಸೇರಿತು. ಹೊಲಿಯುವವನ ಕಾಳೂ ಅದರ ಹಿಂದೆಯೇ ಹೋಯಿತು. ಕಾಲುವೆಯ ಲಾಭದ ಮಾತು ಬಂದಾಗ ಈ ನಷ್ಟವನ್ನು ಯಾರೂ ಎಣಿಸುವುದಿಲ್ಲ.

ಇದೇ ಸೀಮೆಯ ಕಲ್ಲೂರಿನ ಮಹಾಲಕ್ಷ್ಮಿ ಗುಡಿಯನ್ನು ಭಕ್ತರು ಎರಡನೇ ಕೊಲ್ಹಾಪುರ ಎಂದು ಕರೆಯುವುದುಂಟು. ದೇವಿಯ ವಿಷಯದಲ್ಲಿ ಊರಿನ ಹೆಸರನ್ನು ಹೀಗೆ ಕಡ ತರಬಹುದು. ಚಪ್ಪಲಿಯ ವಿಷಯದಲ್ಲಿ ಆಗದು. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿವೆ, ರಾಯಚೂರು ಇಲ್ಲ. ಅಥಣಿ, ನಿಪ್ಪಾಣಿ ಕಡೆಯ ಕನ್ನಡದ ಕೈಗಳು ಹೊಲಿದದ್ದೂ ಕೊಲ್ಹಾಪುರದ ಹೆಸರಿನಲ್ಲೇ ಮಾರಾಟವಾಗುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ವೇದಿಕೆಯ ಮೇಲೆ ಅಂಥದೇ ಚಪ್ಪಲಿಯನ್ನು ನಡೆಸಿ, ಊರಿನ ಹೆಸರನ್ನೂ ಹೇಳದೆ ಬಿಟ್ಟು ಗದ್ದಲಕ್ಕೆ ಸಿಕ್ಕಿಕೊಂಡಿತು.

ಸ್ವೀಡ್‌ಗೂ ಈಗ ತೊಗಲೇ ಬೇಕೆಂದಿಲ್ಲ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ ಕೂದಲಿಗಿಂತ ಎಷ್ಟೋ ಸಣ್ಣ ಪಾಲಿಯೆಸ್ಟರ್ ಎಳೆಯಿಂದ ಅದರ ತದ್ರೂಪನ್ನು ಮಾಡಿದರು. ಅಗ್ಗದ ‘ಸ್ವೀಡ್’ ಜೋಡುಗಳಲ್ಲಿ ಬಹಳಷ್ಟು ಈ ಬಗೆಯ ಕೃತಕ ಬಟ್ಟೆಯವೇ. ಕಿತ್ತುಹೋದ ಅಂಥ ಶೂವನ್ನು ರಂಪಿಗೆ, ಉಳಿ ಹರವಿಕೊಂಡು ಕೂತವರ ಮುಂದೆ ಇಟ್ಟು ನೋಡಿ. ಮೇಲ್ಮೈಯನ್ನು ಅವರು ನೋಡುವುದೇ ಇಲ್ಲ. ಹರಿದ ಅಂಚನ್ನು ಹೆಬ್ಬೆರಳಿನಿಂದ ಬಿಡಿಸಿ, ಎಳೆ ಹಿಂಜಿ ನೋಡುತ್ತಾರೆ. ಆಮೇಲೆ ದಾರಕ್ಕೆ ಮೇಣ ತಿಕ್ಕುತ್ತ, ‘ತೊಗಲಲ್ರೀ ಇದು, ಅರಿವಿ’ ಅಂದು ಹೊಲಿಗೆಗೆ ಕೂರುತ್ತಾರೆ.