ಹುಳಿಹಾಲಿನ ಪೆಪ್ಟೈಡುಗಳು ಮತ್ತು ಹೃದಯ

ಆಹಾರದಲ್ಲಿನ ಪ್ರೋಟೀನು ಜೀರ್ಣವಾಗುವಾಗ ಅಥವಾ ಹುದುಗುವಾಗ ಅಮೈನೋ ಆಮ್ಲಗಳ ಕಿರುಸರಪಣಿಗಳಾಗಿ ಒಡೆಯುತ್ತದೆ. ಇವೇ ಪೆಪ್ಟೈಡುಗಳು. ಇವುಗಳಲ್ಲಿ ಕೆಲವಕ್ಕೆ ರಕ್ತದೊತ್ತಡವನ್ನು ತಗ್ಗಿಸುವ ಗುಣವಿದೆ. ನಮ್ಮ ದೇಹದಲ್ಲಿ ಎ.ಸಿ.ಇ. ಎಂಬ ಕಿಣ್ವವು ಆಂಜಿಯೋಟೆನ್ಸಿನ್-1 ಎಂಬ ವಸ್ತುವನ್ನು ಆಂಜಿಯೋಟೆನ್ಸಿನ್-2 ಆಗಿ ಮಾರ್ಪಡಿಸುತ್ತದೆ. ಈ ಎರಡನೆಯದು ರಕ್ತನಾಳಗಳನ್ನು ಸಂಕುಚಿತಗೊಳಿಸಿ ಒತ್ತಡವನ್ನು ಏರಿಸುತ್ತದೆ. ಆ ಕಿಣ್ವವನ್ನು ತಡೆಯುವ ಪೆಪ್ಟೈಡುಗಳು ಮೊದಲು ದೊರೆತದ್ದು ಅಡುಗೆಮನೆಯಲ್ಲಲ್ಲ, ಬ್ರೆಜಿಲಿನ ಜರರಾಕ ಎಂಬ ಹಾವಿನ ವಿಷದಲ್ಲಿ! ಆ ಸುಳಿವನ್ನು ಹಿಡಿದೇ ಕ್ಯಾಪ್ಟೊಪ್ರಿಲ್ ಮಾತ್ರೆ ಸಿದ್ಧವಾಗಿ, 1981ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು.

1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು, ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್ ಎಂಬ ಬ್ಯಾಕ್ಟೀರಿಯಾ ಬಳಸಿ ಹುದುಗಿಸಿದ ಹಾಲಿನಲ್ಲಿ ಅಂಥ ಎರಡು ಪೆಪ್ಟೈಡುಗಳನ್ನು ಗುರುತಿಸಿದರು. ಒಂದೊಂದರಲ್ಲಿಯೂ ಮೂರೇ ಅಮೈನೋ ಆಮ್ಲಗಳು. ಹಾಲಿನ ಕೇಸೀನ್ ಪ್ರೋಟೀನೇ ಅವುಗಳ ಮೂಲ. ಮುಂದೆ ರೋಗಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒತ್ತಡ ಇಳಿದದ್ದು ಪಾದರಸದ ಕೆಲವೇ ಮಿಲಿಮೀಟರುಗಳಷ್ಟು. ಅದೂ ಜಪಾನೀಯರಲ್ಲಿ ಕಂಡಷ್ಟು ಯುರೋಪಿಯನ್ನರಲ್ಲಿ ಕಾಣಲಿಲ್ಲ.

ನಾವು ಮನೆಯಲ್ಲಿ ಹೆಪ್ಪು ಹಾಕುವ ಮೊಸರಿನ ಜೀವಾಣುಗಳಾದರೋ ಮನೆಯಿಂದ ಮನೆಗೆ ಬೇರೆ. ಆದುದರಿಂದ ಮಜ್ಜಿಗೆಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕರ. ನಮ್ಮ ವಯಸ್ಸಿನವರಲ್ಲಿ ಈ ಚಪಲ ಉಂಟು. ಸಾಲದೆಂಬಂತೆ, ಮೊಸರನ್ನದ ಜೊತೆಗೆ ಬರುವ ಉಪ್ಪಿನಕಾಯಿ, ಹಪ್ಪಳ, ಬಾಳಕಗಳ ಉಪ್ಪು ಒತ್ತಡವನ್ನು ಏರಿಸುವ ಕೆಲಸವನ್ನೇ ಮಾಡುತ್ತಿರುತ್ತದೆ.