ತಡವನ್ನು ಲೆಕ್ಕಕ್ಕೆ ಹಿಡಿದವರು

ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿ ಕಾಯುತ್ತೇವೆ. ಇನ್ನೂ ತಣ್ಣಗಿದೆಯಲ್ಲ ಎಂದು ಮತ್ತಷ್ಟು ತಿರುಗಿಸುತ್ತೇವೆ. ಇದ್ದಕ್ಕಿದ್ದಂತೆ ಕೈ ಸುಡುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಕೊರೆಯುವ ತಣ್ಣೀರು. ನಾವು ಮಾಡಿದ್ದರ ಫಲ ಉದ್ದನೆಯ ಪೈಪು ದಾಟಿ ತಡವಾಗಿ ತಿಳಿಯುವುದರಿಂದ, ತಿದ್ದಿಕೊಳ್ಳಲು ಮಾಡಿದ ಪ್ರಯತ್ನವೇ ತಪ್ಪಾಗುತ್ತಾ ಹೋಗುತ್ತದೆ.

ಎಂ.ಟೆಕ್ ಓದುವಾಗ ಈ ಬಚ್ಚಲಿನ ಕಷ್ಟವನ್ನೇ ನಾನು ಎರಡು ತಿಂಗಳು ಕಂಪ್ಯೂಟರಿನ ಮುಂದೆ ಅನುಭವಿಸಿದೆ. ನನ್ನ ಪ್ರಾಜೆಕ್ಟು ಒಂದು ಸಿಗ್ಮಾ-ಡೆಲ್ಟಾ ಮಾಡ್ಯುಲೇಟರ್: ಏರಿಳಿಯುವ ವಿದ್ಯುತ್ ಸಂಕೇತವನ್ನು ಒಂದು-ಸೊನ್ನೆಗಳ ಸಾಲಾಗಿಸುವ ಮಂಡಲ. ಆದರ್ಶ ಭಾಗಗಳಿದ್ದಾಗ ಅದು ಸೊಗಸಾಗಿ ನಡೆಯಿತು. ನಿಜವಾದ ಟ್ರಾನ್ಸಿಸ್ಟರುಗಳನ್ನು ಇಟ್ಟೊಡನೆ ಹುಚ್ಚೆದ್ದು ಓಲಾಡತೊಡಗಿತು. ತಡವನ್ನು ಕಡಿಮೆ ಮಾಡಲು ಟ್ರಾನ್ಸಿಸ್ಟರುಗಳನ್ನು ದೊಡ್ಡದು ಮಾಡಿದೆ; ಅವುಗಳ ಹೊರೆ ಹಿಂದಿನ ಹಂತದ ಮೇಲೆ ಬಿದ್ದು ಅದು ನಿಧಾನವಾಯಿತು. ಪ್ರಾಜೆಕ್ಟು ಒಪ್ಪಿಸುವ ದಿನ ಹತ್ತಿರವಾಗುತ್ತಿತ್ತು. ನಮ್ಮ ಮೇಷ್ಟ್ರು, "ಇದು ಹೊಸ ರೋಗವಲ್ಲ ಕಣಯ್ಯಾ, ಮೊದಲು ಇದರ ಚರಿತ್ರೆ ಓದು" ಎಂದರು.

ಓದಿದೆ. ಕಥೆ 1927ರ ಆಗಸ್ಟ್ 2ರ ಬೆಳಿಗ್ಗೆಗೆ ಹೋಯಿತು. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೊರಟಿದ್ದರು. ದೂರದ ಟೆಲಿಫೋನ್ ತಂತಿಗಳಲ್ಲಿ ದನಿ ಕೆಡದಂತೆ ವರ್ಧಿಸುವುದು ಹೇಗೆಂಬ ಚಿಂತೆಗೆ ಅಲ್ಲೇ ಉತ್ತರ ಹೊಳೆಯಿತು: ಹೊರಬಂದ ಸಂಕೇತದ ಒಂದು ಪಾಲನ್ನು ತಿರುಗುಮುರುಗು ಮಾಡಿ ಒಳಗೆ ಕಳಿಸಿದರೆ ತಪ್ಪು ತಾನೇ ತಿದ್ದಿಕೊಳ್ಳುತ್ತದೆ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಬರೆದಿಟ್ಟರು. ಪೇಟೆಂಟ್ ಕೈಸೇರಲು 1937ರವರೆಗೆ ಕಾಯಬೇಕಾಯಿತು.

ಹಿಂದೆ ಬರುವ ಸಂಕೇತ ತಡವಾದರೆ? 1932ರಲ್ಲಿ ಹ್ಯಾರಿ ನೈಕ್ವಿಸ್ಟ್ ಈ ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದರು. ತಪ್ಪನ್ನು ವಿರೋಧಿಸಬೇಕಾದ ಸಂಕೇತ ತಡವಾಗಿ ಬಂದರೆ, ಅಷ್ಟರಲ್ಲಿ ಅಲೆ ಮಗುಚಿಕೊಂಡಿರುತ್ತದೆ. ವಿರೋಧವೇ ಬೆಂಬಲವಾಗಿ ಮಂಡಲ ತಾನಾಗಿ ಕೂಗತೊಡಗುತ್ತದೆ. ಯಾವಾಗ ಹಾಗಾಗುತ್ತದೆ ಎಂದು ಮೊದಲೇ ಹೇಳಬಲ್ಲ ನಿಯಮ ಅಂದಿನಿಂದ ನಮಗೆ ಸಿಕ್ಕಿತು.

1962ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಇನೋಸೆ, ಯಾಸುದಾ, ಮುರಾಕಾಮಿ ಈ ಹಿಮ್ಮಾಹಿತಿಯನ್ನು ದೂರಮಾಪನಕ್ಕೆ ಬಳಸಿ ಡೆಲ್ಟಾ-ಸಿಗ್ಮಾ ಎಂದು ಹೆಸರಿಟ್ಟರು. ಒಳಬಂದದ್ದಕ್ಕೂ ಹೊರಕೊಟ್ಟದ್ದಕ್ಕೂ ಇರುವ ವ್ಯತ್ಯಾಸ ಡೆಲ್ಟಾ. ಅದನ್ನು ಕೂಡಿಡುವುದು ಸಿಗ್ಮಾ. ಅಂಗಡಿಯ ಸಾಲದ ಪುಸ್ತಕದ ಹಾಗೆ, ಇಂದು ಉಳಿದ ಬಾಕಿ ನಾಳೆಯ ಲೆಕ್ಕಕ್ಕೆ ಹೋಗುತ್ತದೆ. ಮುಂದೆ 1974ರಲ್ಲಿ ಬೆಲ್ ಲ್ಯಾಬ್ಸ್‌ನ ಜೇಮ್ಸ್ ಕ್ಯಾಂಡಿ ಈ ವಿಧಾನವನ್ನು ಇನ್ನಷ್ಟು ಬೆಳೆಸಿದರು.

ಆಮೇಲೆ ಸ್ವಿಚ್ಡ್ ಕೆಪಾಸಿಟರ್ ಮಂಡಲಗಳು ಬಂದವು. ಅಲ್ಲಿ ಗಡಿಯಾರದ ಮುಂದಿನ ಬಡಿತದೊಳಗೆ ಕೆಲಸ ಮುಗಿದರೆ ಸಾಕು, ನಡುವಿನ ತಡವನ್ನು ಯಾರೂ ಕೇಳುವುದಿಲ್ಲ. ಸಮಸ್ಯೆ ನಿದ್ದೆ ಹೋಯಿತು. ಹೆಚ್ಚು ವೇಗ, ಕಡಿಮೆ ವಿದ್ಯುತ್ ಬೇಕೆಂದು ವಿನ್ಯಾಸಕಾರರು ಮತ್ತೆ ನಿರಂತರ-ಕಾಲದ ಮಂಡಲಗಳತ್ತ ಹೊರಳಿದಾಗ ಅದು ಎದ್ದು ಕುಳಿತಿತು. ಇಲ್ಲಿ ಸಂಕೇತ ಯಾವ ಕ್ಷಣದಲ್ಲಿ ಹಿಂದೆ ಬಂತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗಡಿಯಾರ ಸೆಕೆಂಡಿಗೆ 100 ಕೋಟಿ ಸಲ ಬಡಿದರೆ ಒಂದು ಬಡಿತ 1 ನ್ಯಾನೊಸೆಕೆಂಡ್. ಅದರ ಐದನೇ ಒಂದು ಭಾಗ ತಡವಾದರೂ ಈ ಬಡಿತದ ಉತ್ತರ ಮುಂದಿನ ಬಡಿತಕ್ಕೆ ಚೆಲ್ಲುತ್ತದೆ. 1999ರಲ್ಲಿ ಚೆರಿ ಮತ್ತು ಸ್ನೆಲ್‌ಗ್ರೋವ್ ಈ ಹೆಚ್ಚುವರಿ ತಡದ ಬಗೆಗೇ ಪ್ರಬಂಧ ಬರೆದರು. 2008ರಲ್ಲಿ ಐಐಟಿ ಮದ್ರಾಸಿನ ಶಾಂತಿ ಪವನ್ ಅದನ್ನು ಸರಿದೂಗಿಸುವ ಬಗೆಯ ಮೇಲೆ ಬರೆದರು.

ಇವನ್ನೆಲ್ಲ ಓದಿದ ಮೇಲೆ ನನ್ನ ತಪ್ಪು ಕಂಡಿತು. ಒಂದೋ ಸೊನ್ನೆಯೋ ಎಂದು ತೀರ್ಮಾನಿಸುವ ಕಂಪ್ಯಾರೇಟರನ್ನು ನಾನು ಅವಸರಪಡಿಸುತ್ತಿದ್ದೆ. ಸಂಕೇತ ಗಡಿರೇಖೆಯ ಹತ್ತಿರವಿದ್ದಾಗ ಅದಕ್ಕೆ ಹೆಚ್ಚು ಸಮಯ ಬೇಕು. ಕೊಡದಿದ್ದರೆ ಅರೆಮನಸ್ಸಿನ ಉತ್ತರ ಬರುತ್ತದೆ, ತಡವೂ ಪ್ರತಿ ಸಲ ಬೇರೆಬೇರೆಯಾಗುತ್ತದೆ. ದಾರಿ ಹೀಗಿತ್ತು: ಅರ್ಧ ಬಡಿತದ ತಡವನ್ನು ನಾವೇ ನಿಗದಿಮಾಡಿ ಕೊಡುವುದು, ಗುಣಾಂಕಗಳನ್ನು ಅದಕ್ಕೆ ತಕ್ಕಂತೆ ಬದಲಿಸುವುದು, ಕಂಪ್ಯಾರೇಟರಿನ ಸುತ್ತ ಇನ್ನೊಂದು ಚಿಕ್ಕ ಹಿಮ್ಮಾಹಿತಿಯ ದಾರಿ ಹಾಕುವುದು. ತಡವನ್ನು ತಗ್ಗಿಸುವುದಕ್ಕೂ ಮಿತಿಯುಂಟು. ಉಳಿದದ್ದು ಎಷ್ಟೆಂದು ಖಚಿತವಾಗಿ ತಿಳಿದಿದ್ದರೆ ಅದರೊಂದಿಗೆ ಬಾಳಬಹುದು.

ಹಾಗೆ ಮಾಡಿದ ರಾತ್ರಿ ಮಂಡಲ ನಿಂತಿತು. ಬೆಳಿಗ್ಗೆ ಮೇಷ್ಟ್ರಿಗೆ ತೋರಿಸಿದೆ. ಅವರು ತೆರೆಯನ್ನು ಸ್ವಲ್ಪ ಹೊತ್ತು ನೋಡಿ, "ಎಷ್ಟು ತಡ ಕೊಟ್ಟೆ?" ಎಂದಷ್ಟೇ ಕೇಳಿದರು. ಎರಡು ತಿಂಗಳ ಹಿಂದೆ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.